ಮಜ್ಜಿಗೆಯ ಗಡಿಗೆಗೆ ಹಾಕಿದ್ದು

ಗೆಳೆಯರೇ, ಕೊಟ್ಟವರ ಗಡಿಗೆಯನ್ನು ಬರಿದಾಗಿ ಹಿಂದಿರುಗಿಸಬಾರದು, ಮನೆಯಲ್ಲಿ ಪ್ರೀತಿಯಿಂದ ಇಟ್ಟುಕೊಂಡದ್ದನ್ನೇ ಹಾಕಿ ಕೊಡಬೇಕು ಎಂದು ಇಂದು ಬೆಳಿಗ್ಗೆ ಅಣ್ಣನ ಮಗಳು ಗಂಗಿಗೆ ಭಾಷಣ ಮಾಡಿದೆ. ಮಧ್ಯಾಹ್ನ ನೋಡಿದರೆ, ಯಾದಗಿರಿಯಿಂದ ಕದ್ದುಮುಚ್ಚಿ ತಂದ ನನ್ನ ಸ್ವಾತಂತ್ರ್ಯ ಚಳವಳಿಯ ಕರಪತ್ರಗಳೆಲ್ಲ ಮಾಯ!

"ಮಜ್ಜಿಗಿ ಕೊಟ್ಟ ಮಾಳಮ್ಮಾಯಿ ಗಡಿಗ್ಯಾಗ ಹಾಕೀನಿ, ಕಾಕಾ. ನೀ ಭಾಳ ಪ್ರೀತಿಲೇ ಇಟ್ಕೊಂಡಿದ್ದು ಅವೇ ಅಲ್ಲೇನು?"

ಕುರಿ ಸಾಕುವ ಮಾಳಮ್ಮನ ಮನೆಗೆ ಓಡಿದೆ. ಆಕೆ ಒಲೆಯ ಮುಂದೆ ಕೂತು ನಗುತ್ತಿದ್ದಳು.

"ಭಾಳ ಉಪಕಾರ ಆತೋ ತಮ್ಮಾ! ಹಸಿ ಕಟಗಿ ಹತ್ತಲೇ ಒಲ್ಲವಾಗಿದ್ವು. ನಿನ್ನ ಕಾಗದ ಹಾಕೀನಿ, ಭಗ್ಗಂತ ಹತ್ತಿದ್ವು ನೋಡು!"

ಬೈಯೋಣವೆಂದರೆ, ಹಿಂದೆಯೇ ಓಡಿಬಂದಿದ್ದ ಗಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಕೈಮುಗಿದೆ. ಮಾಳಮ್ಮ ಖುಷಿಯಾಗಿ ಅದೇ ಗಡಿಗೆಗೆ ಮತ್ತೆ ಮಜ್ಜಿಗೆ ತುಂಬಿ ಕೊಟ್ಟಳು.

ಈಗ ಗಂಗಿಯ ಕಣ್ಣು ನನ್ನ ಖಾದಿ ಟೋಪಿಯ ಮೇಲಿದೆ.