ಲೀಲಾಧರನ ಭಾನುವಾರ

ಮುಂಬೈ ಪಕ್ಕದ ಠಾಣೆಯ ನೌಪಾಡಾದಲ್ಲಿ ಲೀಲಾಧರ ಕೂರುತ್ತಿದ್ದ ಹೋಟೆಲಿನ ಗಲ್ಲಾದೊಳಗೆ ಒಬ್ಬ ಮನುಷ್ಯ ಹೋಗಿ ಕೂರಬಹುದಿತ್ತು, ಮಗ್ಗುಲು ಬದಲಿಸಲು ಮಾತ್ರ ಸಾಧ್ಯವಿರಲಿಲ್ಲ. ಎಡಕ್ಕೆ ಗೋಡೆ, ಬಲಕ್ಕೆ ಮೈಸೂರುಪಾಕಿನ ಗಾಜಿನ ಕಪಾಟು, ಬೆನ್ನಿಗೆ ದೇವರ ಫೋಟೊ, ಎದುರಿಗೆ ಚಿಲ್ಲರೆಗಾಗಿ ಕೈ ಚಾಚಿದ ಗಿರಾಕಿ. ಬೆಳಿಗ್ಗೆ ಹಾಲಿನ ಗಾಡಿ ಬರುವಾಗ ಒಳಹೊಕ್ಕರೆ ಶಟರ್ ಎಳೆಯುವವರೆಗೂ ಅಲ್ಲೇ. ಮನೆಯಾದರೂ ದೂರವಿತ್ತೇ? ಹೋಟೆಲಿನ ತಲೆಯ ಮೇಲೆಯೇ ಇತ್ತು. ಅವನು ಬಚ್ಚಲಿಗೆ ಹೋಗಬೇಕಾದರೆ ಹೆಂಡತಿ ರತ್ನಾವತಿ ಕೆಳಗಿಳಿದು ಬಂದು ಕೂರುತ್ತಿದ್ದಳು. ಗಲ್ಲಾದಲ್ಲಿ ಮನೆಯವರೇ ಕೂರಬೇಕು ಎನ್ನುವುದು ಆ ಹೋಟೆಲಿನ ಕಟ್ಟಳೆ. ಇಂಥವನ ಬಗ್ಗೆ ಬರೆಯುವುದಕ್ಕೆ ಏನಿದೆ ಎಂದು ನೀವು ಕೇಳಬಹುದು. ನನಗೆ ಅವನ ಮೇಲೆ ಇನ್ನೂ ಸಿಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಹಾದೇವಪ್ಪ, ವಿಜಾಪುರದ ಕಡೆಯವನು. ಮನೆ ಡೊಂಬಿವಲಿಯಲ್ಲಿ, ನೌಕರಿ ರಬಾಳೆಯ ಒಂದು ಕಾರ್ಖಾನೆಯಲ್ಲಿ. ನಲವತ್ತು ದಾಟಿದ ಮೇಲೆ ಡಾಕ್ಟರು ಹೆದರಿಸಿದರೆಂದು ಸೈಕಲ್ ಕೊಂಡೆ. ಭಾನುವಾರ ಬೆಳಿಗ್ಗೆ ನಾವು ಕೆಲವರು ಸೇರಿ ಠಾಣೆಯ ಯೇವೂರು ಗುಡ್ಡ ಹತ್ತಿ ಇಳಿದು, ಖರ್ಚಾದ ಶಕ್ತಿಯನ್ನೆಲ್ಲ ಲೀಲಾಧರನ ಹೋಟೆಲಿನ ಇಡ್ಲಿ ವಡೆಯಲ್ಲಿ ಬಡ್ಡಿ ಸಮೇತ ವಸೂಲು ಮಾಡಿಕೊಳ್ಳುತ್ತಿದ್ದೆವು. ನಮ್ಮ ಮುಖಂಡ ಕಲ್ಯಾಣದ ರಿತೇಶ್. ಉಡುಪಿ ಕಡೆಯ ಮನೆತನದವನು, ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

ನಾವು ಹೊರಗೆ ಸೈಕಲ್ ನಿಲ್ಲಿಸಿದಾಗಲೆಲ್ಲ ಲೀಲಾಧರ ಗಲ್ಲಾದಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದ. ಹದಿನೇಳನೆಯ ವಯಸ್ಸಿಗೆ ತಾಯಿಯ ಅಣ್ಣ ಚೆನ್ನಯ ಅವನನ್ನು ಊರಿನಿಂದ ಕರೆತಂದಾಗ ಮೊದಲು ಕೊಟ್ಟ ಕೆಲಸ, ಸೈಕಲ್ ಮೇಲೆ ಕಾರ್ಖಾನೆಗಳಿಗೆ ಊಟದ ಪಾರ್ಸೆಲ್ ತಲುಪಿಸುವುದು. ಮೂರು ವರ್ಷ ಮಾಡಿದ. ಆಮೇಲೆ ಮಾವನಿಗೆ ಅವನ ಮೇಲೆ ಪ್ರೀತಿ ಉಕ್ಕಿ, ಬಿಸಿಲಲ್ಲಿ ತಿರುಗಿ ಕಪ್ಪಾಗಿದ್ದಾನೆ ಎಂದು ಒಳಗೆ ಕರೆದು ಗಲ್ಲಾದಲ್ಲಿ ಕೂರಿಸಿದರು. ಅವರ ತುಳುನಾಡಿನ ಕಡೆ ಮಾವನ ಆಸ್ತಿ ಅಳಿಯನಿಗೆ, ಅಂದರೆ ತಂಗಿಯ ಮಗನಿಗೆ ಬರುವುದು ಹಿಂದಿನ ಪದ್ಧತಿ. ಆಸ್ತಿ ಅಳಿಯನಿಗೆ ಬಂತೋ, ಅಳಿಯನೇ ಆಸ್ತಿಗೆ ಹೋದನೋ ಎಂದು ನಾನು ಕೆಣಕಿದರೆ ಲೀಲಾಧರ ನಗುತ್ತಿದ್ದ, ಸಿಟ್ಟಾಗುತ್ತಿರಲಿಲ್ಲ.

ಚೆನ್ನಯ ಮಾವ ಕೆಟ್ಟವರಾಗಿದ್ದರೆ ಈ ಕತೆ ಸುಲಭವಾಗುತ್ತಿತ್ತು. ಮದುವೆಯಾಗದ ಆ ಮನುಷ್ಯ ತಂಗಿಯ ಮಗನನ್ನೇ ತನ್ನ ಮಗ ಎಂದುಕೊಂಡವರು. ಲೀಲಾಧರನ ಮದುವೆ ಮಾಡಿದರು, ಮಗಳು ಮಾನಸಿಯನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದರು. ಕೂತು ಕೂತು ಬೆನ್ನು ನೋವು ಎಂದು ಒಮ್ಮೆ ಅವನು ಗೊಣಗಿದ್ದಕ್ಕೆ ಮರುದಿನವೇ ಮೆತ್ತನೆಯ ಹೊಸ ಕುರ್ಚಿ ತರಿಸಿದರು. ಏಳಬೇಕು ಎಂದವನಿಗೆ ಇನ್ನೂ ಚೆನ್ನಾಗಿ ಕೂರುವ ವ್ಯವಸ್ಥೆಯಾಯಿತು.

“ನನಗೆ ಹೆಚ್ಚೆಂತ ಬೇಡ ಮಾರಾಯ್ರೆ,” ಎಂದು ಲೀಲಾಧರ ಒಂದು ದಿನ ನನ್ನ ತಟ್ಟೆಗೆ ತಾನೇ ಚಟ್ನಿ ಬಡಿಸುತ್ತಾ ಹೇಳಿದ್ದ. “ವಾರಕ್ಕೊಂದು ಭಾನುವಾರ ಸಿಕ್ಕಿದ್ರೆ ಸಾಕು. ನಿಮ್ಮೊಟ್ಟಿಗೆ ಹೊರಗೆ ಹೋಗಿ ಬರ್ಲಿಕ್ಕೆ.”

“ಮತ್ತ ಕೇಳ್ರಿ ಮಾವನ್ನ. ಬಾಯಾಗ ಏನು ಇಟಗೊಂಡೀರಿ?”

“ಕೇಳಿದ್ರೆ ಕೊಡ್ತಾರೆ. ಅವರೇ ಬಂದು ಕೂರ್ತಾರೆ, ಆ ಮಂಡಿನೋವಿನಲ್ಲಿ. ಅದಕ್ಕೇ ಕೇಳ್ಲಿಕ್ಕೆ ಆಗುವುದಿಲ್ಲ.”

ಆದರೂ ಅವನು ಸೈಕಲ್ ಒಂದನ್ನು ಕೊಂಡಿದ್ದ. ಉಗ್ರಾಣದಲ್ಲಿ ಅಕ್ಕಿಮೂಟೆಗಳ ಹಿಂದೆ ಇಟ್ಟು, ಬೆಳಕು ಹರಿಯುವ ಮೊದಲು ತಲಾವ್‌ಪಾಳಿಯ ಕೆರೆಗೆ ಸುತ್ತು ಹಾಕಿ ಹಾಲಿನ ಗಾಡಿಗಿಂತ ಮೊದಲೇ ಓಡಿ ಬರುತ್ತಿದ್ದ. ೨೦೧೩ರ ಫೆಬ್ರವರಿಯಲ್ಲಿ ರಿತೇಶ್ ನಾಲ್ಕು ದಿನದ ಪ್ರವಾಸ ಹಾಕಿದ. ಕಲ್ಯಾಣದಿಂದ ಕಸಾರಾ ಘಾಟ್ ಹತ್ತಿ ಸಿನ್ನರ್, ನಿಫಾಡ್ ಕಡೆಯ ಹಳೆಯ ಊರುಗಳನ್ನು ನೋಡಿ, ಕೊನೆಗೆ ನಾಸಿಕದ ದ್ರಾಕ್ಷಿ ತೋಟಗಳು, ವೈನು. ನಾನು ಲೀಲಾಧರನ ಬೆನ್ನು ಹತ್ತಿದೆ. ಅವನು ಒಂದು ವಾರ ಬೆವರಿ, ಕೊನೆಗೆ ಮಾವನ ಮುಂದೆ ನಿಂತು, ನಾಸಿಕ್ ಕಡೆ ನಾಲ್ಕು ದಿನ ಸೈಕಲಿನಲ್ಲಿ ಹೋಗಿ ಬರುತ್ತೇನೆ ಎಂದ.

ಮಾವ ಲೆಕ್ಕದ ಪುಸ್ತಕ ಮುಚ್ಚಿದರಂತೆ. ಆಮೇಲೆ, “ಹೋಗಿ ಬಾ. ಗಲ್ಲಾದಲ್ಲಿ ನಾನು ಕೂರ್ತೇನೆ,” ಎಂದರಂತೆ. ಯಾಕೆ, ಏನು ಎಂದು ಒಂದು ಮಾತೂ ಕೇಳಲಿಲ್ಲ.

ಮೊದಲ ದಿನ ಲೀಲಾಧರ ನಮ್ಮ ಜೊತೆ ಇದ್ದನೆಂದು ಹೇಳಲಾರೆ. ಅವನ ಕಾಲು ಪೆಡಲಿನ ಮೇಲಿತ್ತು, ಜೀವ ನೌಪಾಡಾದಲ್ಲಿತ್ತು. ಪಡಘಾ ದಾಟುವಾಗ ಫೋನು, ಶಹಾಪುರದಲ್ಲಿ ಫೋನು. ಸಾಂಬಾರಿನ ಬೇಳೆ ಬಂತಾ, ಮಾವ ಮಾತ್ರೆ ತಗೊಂಡ್ರಾ, ಕಾಲಡಿಗೆ ಸ್ಟೂಲ್ ಕೊಟ್ಟೆಯಾ ಎಂದು ರತ್ನಾವತಿಯನ್ನು ಕೇಳುವುದೇ ಕೆಲಸ. ಘಾಟಿನಲ್ಲಿ ಎಲ್ಲರೂ ಏದುಸಿರು ಬಿಡುತ್ತಿದ್ದರೆ ಇವನು ಸೈಕಲ್ ನಿಲ್ಲಿಸಿ ಸಿಗ್ನಲ್ ಹುಡುಕುತ್ತಿದ್ದ. “ಅಂಕಲ್, ಫೋನ್ ಖಾಯಿ ಮೇ ಫೇಂಕ್ ದೋ,” ಎಂದು ಫೋನನ್ನು ಕಣಿವೆಗೆ ಎಸೆಯಲು ರಿತೇಶ್ ಕೂಗಿ ಹೇಳಿದ.

ಘಾಟ್ ಮುಗಿದು ಘೋಟಿಯ ಹತ್ತಿರ ಹೆದ್ದಾರಿಯ ಹೋಟೆಲೊಂದರಲ್ಲಿ ಊಟಕ್ಕೆ ನಿಂತೆವು. ಅದರ ಮಾಲೀಕ ಬೂಬಣ್ಣ, ಚೆನ್ನಯ ಮಾವನ ಊರಿನವನೇ, ಅವರ ಹೋಟೆಲಿನಲ್ಲೇ ತಯಾರಾಗಿ ಮೇಲೆ ಬಂದವನು. ಸೈಕಲ್ ಸವಾರರ ಬಿಗಿ ಚಡ್ಡಿ ತೊಟ್ಟು ಕೋಳಿಯ ಹಾಗೆ ಒಂಟಿಕಾಲಲ್ಲಿ ನಿಂತಿದ್ದ ಲೀಲಾಧರನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಇದೆಂತದು ಲೀಲಾಧರಣ್ಣ? ಎಲ್ಲಿಗೆ ಸವಾರಿ?”

“ಹೀಗೇ... ನಾಸಿಕ್ ಕಡೆ.”

“ಹೀಗೇ ಅಂದ್ರೆ? ಗಲ್ಲಾ ಬಿಟ್ಟು ನಾಲ್ಕು ದಿನ?” ಎಂದ ಬೂಬಣ್ಣನ ಮುಖ ಒಮ್ಮೆಲೇ ಅರಳಿತು. “ಓಹೋ, ಹೊಸ ಹೋಟೆಲಿಗೆ ಜಾಗ ನೋಡ್ಲಿಕ್ಕೆ ಹೊರಟದ್ದಾ! ಸೈಕಲ್‌ನಲ್ಲಿ ಹೋದ್ರೆ ರಸ್ತೆ, ಗಿರಾಕಿ ಎಲ್ಲ ನಿಧಾನಕ್ಕೆ ನೋಡ್ಬಹುದು. ಚೆನ್ನಯಣ್ಣನ ತಲೆಯೇ ತಲೆ!”

ಲೀಲಾಧರ ನನ್ನ ಕಡೆ ನೋಡಿದ. ಇಲ್ಲಪ್ಪ, ಖುಷಿಗೆ ಬಂದದ್ದು ಎಂದರೆ ಮುಗಿಯುತ್ತಿತ್ತು. ಅಷ್ಟು ಹೇಳಲು ಆ ಮಹಾರಾಯನಿಗೆ ನಾಚಿಕೆಯಾಯಿತು. ನಲವತ್ತೈದು ದಾಟಿದ ಹೋಟೆಲಿನವನು ಧಂದೆ ಬಿಟ್ಟು ಖುಷಿಗಾಗಿ ತಿರುಗುತ್ತಾನೆ ಎಂದರೆ ಊರಿನಲ್ಲಿ ತಲೆ ಕೆಟ್ಟಿದೆ ಎಂದಾರು. ಅವನು ಕತ್ತು ಆಡಿಸಿಬಿಟ್ಟ. ಬೂಬಣ್ಣ ಊಟದ ಬಿಲ್ಲನ್ನು ಹರಿದು ಹಾಕಿ, ಗಂಗಾಪುರ ಡ್ಯಾಮಿನ ರಸ್ತೆಯಲ್ಲಿ ತನಗೆ ಗೊತ್ತಿದ್ದವರ ಹೋಟೆಲೊಂದು ನಡೆಸುವವರಿಲ್ಲದೆ ನಿಂತಿದೆ, ನೋಡಿ ಹೋಗಿ ಎಂದು ದಾರಿ ಹೇಳಿದ.

“ಖುಷಿಗೆ ಬಂದೀನಿ ಅನ್ನಾಕ ಏನ ತ್ರಾಸಾತು ನಿಮಗ?” ಎಂದು ನಾನು ಹೊರಗೆ ಬಂದು ಬೈದೆ.

“ಒಂದು ಊಟದ ವಿಷಯ ಅಲ್ವಾ, ಬಿಡಿ,” ಎಂದ.

ಮರುದಿನ ಸಿನ್ನರ್‌ನಲ್ಲಿ, ಯಾದವರ ಕಾಲದ ಗೋಂದೇಶ್ವರ ದೇವಸ್ಥಾನದ ಕಟ್ಟೆಯ ಮೇಲೆ ಕೂತಿದ್ದಾಗ ಮಾವನ ಫೋನು ಬಂತು. ಲೀಲಾಧರ ಎದ್ದು ನಿಂತೇ ಮಾತಾಡಿದ. ಮುಗಿಸಿ ಬಂದಾಗ ಅವನ ಕಣ್ಣು ತುಂಬಿತ್ತು.

“ಇನ್ನು ಫೋನ್ ಮಾಡಬೇಡ ಅಂದ್ರು ಮಾರಾಯ್ರೆ. ಇಲ್ಲಿಯದ್ದು ನಾನು ನೋಡ್ತೇನೆ, ನೀನು ಗಡಿಬಿಡಿ ಮಾಡದೆ ಎಲ್ಲ ಸರಿಯಾಗಿ ನೋಡಿ ಬಾ ಅಂದ್ರು. ಅವರಿಗೆ ಅರ್ಥ ಆಗಿದೆ.”

ನನಗೂ ಹಾಗೇ ಅನಿಸಿತು. ಮುದುಕ ಒಳ್ಳೆಯವನು ಎಂದುಕೊಂಡೆ. ಲೀಲಾಧರ ಫೋನನ್ನು ಬ್ಯಾಗಿನ ತಳಕ್ಕೆ ತುರುಕಿದ.

ಅಲ್ಲಿಂದ ಮುಂದೆ ಅವನು ಬೇರೆಯೇ ಮನುಷ್ಯ. ಗೋದಾವರಿಯ ದಡದ ಚಾಂದೋರಿಯಲ್ಲಿ ಪೇಶ್ವೆಯವರ ಕಾಲದ ವಾಡೆ ಎನ್ನುವ ದೊಡ್ಡ ಮನೆಯೊಂದರ ಜಗಲಿಯ ಮೇಲೆ ಮಲಗಿ ಗೊರಕೆ ಹೊಡೆದ. ಮನೆಯ ಅಜ್ಜಿ ಕೊಟ್ಟ ಭಾಕರಿಯನ್ನು, ಹಿಟ್ಟು ಯಾವುದು, ಸುಟ್ಟಿದ್ದು ಹೇಗೆ ಎಂದು ಕೇಳದೆ ಸುಮ್ಮನೆ ತಿಂದ. ನಿಫಾಡ್ ಕಡೆ ರಸ್ತೆಯ ಎರಡೂ ಬದಿಗೆ ತಂತಿಯ ಚಪ್ಪರ, ಚಪ್ಪರದ ತುಂಬ ಗೊಂಚಲು. ಇಳಿಜಾರು ಸಿಕ್ಕಿದರೆ ಸಾಕು, ಕಾಲು ಎರಡೂ ಅಗಲಿಸಿ “ಹೋಯ್” ಎಂದು ಕೂಗುತ್ತಾ ಇಳಿಯುತ್ತಿದ್ದ. ಅವನನ್ನು ಹಾಗೆ ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು.

ಕೊನೆಯ ದಿನ ಗಂಗಾಪುರ ಡ್ಯಾಮಿನ ಹತ್ತಿರದ ವೈನ್ ತೋಟಕ್ಕೆ ಹೋದೆವು. ಗ್ಲಾಸು ಹಿಡಿಯುವುದು, ತಿರುಗಿಸುವುದು, ಮೂಸುವುದು ಎಲ್ಲವನ್ನೂ ಒಬ್ಬಳು ಹುಡುಗಿ ಹೇಳಿಕೊಟ್ಟಳು. ಲೀಲಾಧರ ಮೂಸಿ, “ನಮ್ಮ ಅಜ್ಜ ಇಳಿಸ್ತಿದ್ದ ಕಳ್ಳಿಗೆ ಇದರಪ್ಪನಂಥ ವಾಸನೆ ಇತ್ತು,” ಎಂದು ಒಂದೇ ಗುಟುಕಿಗೆ ಎತ್ತಿದ. ಆಮೇಲೆ ಗ್ಲಾಸು ಕೆಳಗಿಟ್ಟು, ತೋಟಕ್ಕೆ ಇಳಿಯುವ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತ.

“ಇವತ್ತು ಹೋದ ಕೂಡ್ಲೇ ಕೇಳ್ತೇನೆ,” ಎಂದ. “ಭಾನುವಾರ ನನಗೆ ಬಿಡಿ ಅಂತ. ಅರ್ಧ ದಿನ ರತ್ನಾವತಿ, ಅರ್ಧ ದಿನ ಮಾವ. ಎಷ್ಟಾದ್ರೂ ಅವರೇ ಅಲ್ವಾ ನೋಡಿ ಬಾ ಅಂದದ್ದು? ಬನ್ನಿ, ಸ್ವಲ್ಪ ಅಭ್ಯಾಸ ಮಾಡುವ. ನೀವು ಮಾವ.”

ನಾನು ಕಾಲು ನೀಡಿ, ಮಂಡಿ ತಿಕ್ಕಿಕೊಳ್ಳುತ್ತಾ ಮಾವನಾದೆ. “ಏನಪಾ ಲೀಲಾಧರ, ಏನ ಬೇಕು?”

“ಮಾವ ಹಾಗೆಲ್ಲ ಮಾತಾಡುವುದಿಲ್ಲ,” ಎಂದು ಹೊಟ್ಟೆ ಹಿಡಿದು ನಕ್ಕ. ನಗು ನಿಂತ ಮೇಲೆ ಕೈಕಟ್ಟಿ ನಿಂತು ಹೇಳಿದ: “ಮಾವ, ನನಗೆ ಭಾನುವಾರ ಬೇಕು.” ಮೊದಲ ಸಲ ‘ಬೇಕು’ ಎನ್ನುವುದು ಕೇಳಿಸಲೇ ಇಲ್ಲ. ಎರಡನೆಯ ಸಲ ಬೇಡಿಕೊಂಡ ಹಾಗಿತ್ತು. ಮತ್ತೊಮ್ಮೆ ಹೇಳಿದಾಗ ಮಾತು ನೆಟ್ಟಗೆ ಬಂತು. ನಾನು ಕೊಟ್ಟೆ ಎಂದೆ. ಪಕ್ಕದಲ್ಲಿದ್ದ ಮುಂಬೈಯ ಜೋಡಿ ನಮ್ಮನ್ನು ನೋಡಿ ವೈನು ಹೆಚ್ಚಾಗಿದೆ ಎಂದುಕೊಂಡಿರಬೇಕು.

ಸೈಕಲ್‌ಗಳನ್ನು ಟೆಂಪೋಗೆ ಹೇರಿ ಭಾನುವಾರ ಸಂಜೆ ಠಾಣೆಗೆ ಬಂದೆವು. ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀವು ಜೊತೆಗಿದ್ದರೆ ಧೈರ್ಯ ಎಂದು ಲೀಲಾಧರ ನನ್ನನ್ನೂ ಒಳಗೆ ಎಳೆದುಕೊಂಡು ಹೋದ. ಗಲ್ಲಾದಲ್ಲಿ ಚೆನ್ನಯ ಮಾವ ಒಂದು ಕಾಲನ್ನು ಸೋಡಾ ಕ್ರೇಟಿನ ಮೇಲೆ ಚಾಚಿ ಕೂತಿದ್ದರು. ಮುಖ ಬಾಡಿತ್ತು. ಅಳಿಯನನ್ನು ಕಂಡು ತುಳುವಿನಲ್ಲಿ ಏನೋ ಕೇಳಿ, ನನ್ನನ್ನು ನೋಡಿ ಕನ್ನಡಕ್ಕೆ ತಿರುಗಿದರು.

“ಬನ್ನಿ ಬನ್ನಿ. ಹೇಗುಂಟು ಮಾರಾಯ ಆ ಊರು?”

“ಒಳ್ಳೇದುಂಟು ಮಾವ.”

“ಡ್ಯಾಮಿನ ರಸ್ತೆಗೆ ಹೋದೆಯಾ?”

“ಹೋದೆ. ಅಲ್ಲಿ ಕೂತ್ರೆ ಏಳ್ಲಿಕ್ಕೇ ಮನಸ್ಸಾಗುವುದಿಲ್ಲ ಮಾವ. ನಾನು... ನನಗೊಂದು—”

“ಗೊತ್ತುಂಟು, ಗೊತ್ತುಂಟು,” ಎಂದು ಮಾವ ಅವನ ಕೈ ಹಿಡಿದುಕೊಂಡರು. ಮುದುಕರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದುವರೆಗೆ ನೋಡಿರಲಿಲ್ಲ. “ಬೂಬ ಅವತ್ತೇ ಫೋನ್ ಮಾಡಿ ಹೇಳಿದ. ನೀನು ಹೊರಟಾಗಲೇ ನನಗೆ ಸಂಶಯ ಇತ್ತು, ಸುಮ್ಮನೆ ಹೋಗುವವನಲ್ಲ ಇವನು ಅಂತ. ಆ ಹೋಟೆಲಿನವರಿಗೆ ಮೊನ್ನೆಯೇ ಮಾತು ಕೊಟ್ಟಾಯ್ತು. ಯುಗಾದಿಗೆ ಬಾಗಿಲು ತೆಗೆಯುವುದು. ನಿನ್ನ ಹೆಸರಿನಲ್ಲೇ.”

ನಾನು ಹಿಂದಿನಿಂದ ಲೀಲಾಧರನ ಬೆನ್ನಿಗೆ ತಿವಿದೆ. ಈಗ ಹೇಳು, ತಪ್ಪು ತಿಳಿದುಕೊಂಡಿದ್ದೀರಿ ಎನ್ನು, ಇನ್ನೂ ಹೊತ್ತು ಮೀರಿಲ್ಲ.

“ಇಲ್ಲಿ?” ಎಂದಷ್ಟೇ ಕೇಳಿದ ಅವನು. “ಇಲ್ಲಿ ಯಾರು ಕೂರುವುದು?”

“ನಾನೇ. ನಾಲ್ಕು ದಿನ ಕೂತು ನೋಡಿದೆನಲ್ಲ, ಆಗ್ತದೆ.” ಮಾವ ಅವನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. “ಇಷ್ಟು ವರ್ಷದಲ್ಲಿ ನೀನು ನನ್ನ ಹತ್ರ ಬಾಯಿ ಬಿಟ್ಟು ಒಂದು ಕೇಳಿದವನಲ್ಲ ಲೀಲಾ. ನಾಲ್ಕು ದಿನ ಕೇಳಿದೆ, ಅದೂ ಧಂದೆಗೋಸ್ಕರ. ನಿನಗೆ ಬೇಕಾದ್ದನ್ನು ನಾನೇ ತಿಳ್ಕೊಂಡು ಮಾಡ್ಬೇಕಲ್ವಾ? ಬಾಕಿ ದಿನ ಅಲ್ಲಿ ವ್ಯಾಪಾರ ಸಾಧಾರಣ ಅಂತೆ. ಭಾನುವಾರ ಮಾತ್ರ ಮುಂಬೈಯವರು ವೈನಿಗೆ ಬರ್ತಾರಲ್ಲ, ಉಸಿರಾಡ್ಲಿಕ್ಕೆ ಪುರುಸೊತ್ತು ಸಿಗ್ಲಿಕ್ಕಿಲ್ಲ ಅಂತ ಬೂಬ ಹೇಳಿದ.”

ಮೆಟ್ಟಿಲ ಮೇಲೆ ನಿಂತು ಹೇಳಿದ್ದ ಆ ಮಾತು ಈಗ ಬರುತ್ತದೆ ಎಂದು ನಾನು ಕಾದೆ. ಲೀಲಾಧರ ಬಗ್ಗಿ ಮಾವನ ಕಾಲು ಮುಟ್ಟಿದ. “ಆಯ್ತು ಮಾವ,” ಎಂದ.

ನನಗೆ ತಡೆಯಲಾಗಲಿಲ್ಲ. “ಅಲ್ರೀ, ನೀವು ಏನು ಕೇಳಾಕ ಬಂದಿದ್ರಿ...” ಎಂದು ಶುರು ಮಾಡಿದೆ. ಅವನು ತಿರುಗಿ ನನ್ನನ್ನು ನೋಡಿದ ರೀತಿಗೆ ನನ್ನ ಬಾಯಿ ಮುಚ್ಚಿತು. ಬೇಡ ಎನ್ನುವಂತೆ ತಲೆಯಾಡಿಸಿದ, ಅಷ್ಟೇ.

ಗಲ್ಲಾದ ಮುಂದೆ ಬಿಲ್ಲು ಹಿಡಿದವರ ಸಾಲು ಬೆಳೆದಿತ್ತು. ಮಾವ ಗೋಡೆ ಹಿಡಿದು ಎದ್ದರು. ಲೀಲಾಧರ ಅವರನ್ನು ತೋಳು ಹಿಡಿದು ಹೊರಗೆ ತಂದು ನನಗೆ ಒಪ್ಪಿಸಿ, ಸೈಕಲಿನ ಬಟ್ಟೆಯನ್ನೂ ಬದಲಿಸದೆ ಒಳಗೆ ಹೋಗಿ ಕೂತ. ಸಾಲಿನಲ್ಲಿ ಮೊದಲು ನಿಂತಿದ್ದ ಹಳೆಯ ಗಿರಾಕಿ ಕೇಳಿದರು, ಸುತ್ತಾಡಲು ಹೋಗಿದ್ದಿರಾ ಎಂದು.

“ಕ್ಯಾ ಶೇಠ್, ಚಾರ್ ದಿನ್ ದಿಖೇ ನಹೀ! ಘೂಮ್‌ನೇ ಗಯೇ ಥೇ?”

“ನಹೀ ನಹೀ,” ಎಂದು ಲೀಲಾಧರ ಚಿಲ್ಲರೆ ಎಣಿಸುತ್ತಾ ಹೇಳಿದ. “ಧಂದೇ ಕಾ ಕಾಮ್ ಥಾ.”