ಹೆಲ್ಮೆಟ್ಟಿಗೆ ತುಂಬಿದ ಉಡಿ

ಹುನಗುಂದ ದಾಟಿದ್ದೆವು. ಮುಂದೆ ಸೈಕಲ್ ತುಳಿಯುತ್ತಿದ್ದ ನನ್ನ ಹೆಂಡತಿ ಒಮ್ಮೆಲೇ ಗಾಳಿಯಲ್ಲಿದ್ದಳು! ಹಿಂದಿನಿಂದ ಬೈಕೊಂದು ಗುದ್ದಿ, ಅವಳು ಕಡಲೆ ಹೊಲದಲ್ಲಿ ಬಿದ್ದಳು. ಓಡಿಹೋಗಿ ನೋಡಿದರೆ ಮೊಣಕೈ ತರಚಿತ್ತಷ್ಟೇ. ಸೈಕಲ್ಲಿನ ಚಕ್ರ ಮಾತ್ರ ಸೊಟ್ಟಗಾಗಿ, ಬಾಗಲಕೋಟೆಯಿಂದ ಹಂಪಿಗೆ ಹೊರಟಿದ್ದ ನಮ್ಮ ಸವಾರಿ ಅಲ್ಲಿಗೇ ನಿಂತಿತು.

ಬೈಕಿನವನು ಕೈಮುಗಿದು ನಮ್ಮನ್ನು ಹತ್ತಿರದ ತನ್ನ ಮನೆಗೆ ಕರೆದೊಯ್ದ. ಹೊರಡುವಾಗ ಅವನ ತಾಯಿ ಅಕ್ಕಿ, ಕೊಬ್ಬರಿ, ಖಣ ತಂದು, "ಮನಿಗೆ ಬಂದ ಹೆಣ್ಮಗಳನ್ನ ಬರೀ ಉಡಿಲೆ ಹೆಂಗ ಕಳಸ್ಲಿ? ಸೆರಗ ಒಡ್ಡವಾ" ಎಂದರು. ಪ್ಯಾಂಟು ತೊಟ್ಟವಳಿಗೆ ಸೆರಗೆಲ್ಲಿ? ಇವಳು ಹೆಲ್ಮೆಟ್ ಬಿಚ್ಚಿ ಒಡ್ಡಿದಳು. ಅಕ್ಕಿಯೆಲ್ಲ ಅದರ ಕಿಂಡಿಗಳಿಂದ ನೆಲಕ್ಕೆ! ಆ ತಾಯಿ ಬಿದ್ದು ಬಿದ್ದು ನಕ್ಕು, ಹೆಲ್ಮೆಟ್ಟಿನೊಳಗೆ ಖಣ ಹಾಸಿ ಮತ್ತೆ ತುಂಬಿದರು.

ಈಗ ಮತ್ತೆ ಹಂಪಿಗೆ ಹೊರಟಿದ್ದೇವೆ, ಅದೇ ದಾರಿಯಲ್ಲಿ. ಪಂಕ್ಚರ್ ಸಾಮಾನಿಗಿಂತ ಮೊದಲು ಅವಳ ಚೀಲ ಸೇರಿದ್ದು ಇಳಕಲ್ ಸೀರೆ.