ಮಾಳಿಗಿ ಕಾಗದ

ತಂಗಿ ಶಾಂತವ್ವಾ, ಆ ಕಾಗದದಲ್ಲಿ ಏನು ಬರೆದಿತ್ತೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಹೆಬ್ಬೆಟ್ಟು ಒತ್ತಿಸಿದೆ.

ಅಪ್ಪ ತೀರಿಕೊಂಡ ವರ್ಷ. ಘೋಣಸಗಿಯ ನಮ್ಮ ವಾಡೆಯ ಮಣ್ಣಿನ ಮಾಳಿಗಿ ಸೋರುತ್ತಿತ್ತು. ನಿನ್ನನ್ನು ಗಂಡನ ಮನೆ ಬಬಲೇಶ್ವರದಿಂದ ಕರೆಸಿದೆ. ನಿನ್ನ ಅತ್ತಿಗೆ ಹಸಿರು ಕುಬಸದ ಕಣ ಇಟ್ಟು ಉಡಿ ತುಂಬಿದಳು. "ಮಾಳಿಗಿಗೆ ಹೊಸ ಮಣ್ಣು ಹಾಕಸಬೇಕವಾ, ಇಬ್ಬರದೂ ಒಪ್ಪಿಗಿ ಬೇಕಂತ" ಅಂದೆ. ನೀನು ನಕ್ಕಿ: "ನನ್ನ ಒಂದು ಹೆಬ್ಬಟ್ಟಿಗೆ ಸೋರೂದು ನಿಲ್ಲತೈತಿ ಅಂದ್ರ ಹತ್ತೂ ಬೆರಳು ಒತ್ತತೇನಿ, ತಗೋ ಅಣ್ಣಾ!"

ನೋಂದಣಿ ಕಚೇರಿಯ ಸಾಹೇಬರು "ಒಪ್ಪಿಗಿ ಐತೇನಬೇ?" ಎಂದಾಗ ನೀನು ನನ್ನ ಮುಖ ನೋಡಿದಿ. "ಅಣ್ಣ ಹೇಳಿದ ಮ್ಯಾಲ ಮುಗೀತ್ರೀ."

ಅದು ಹಕ್ಕು ಬಿಟ್ಟುಕೊಟ್ಟ ಪತ್ರ. ವಾಡೆ, ಹೊಲ, ಬಾವಿ—ಎಲ್ಲ ನನ್ನ ಹೆಸರಿಗೆ. ಯಾಕೆ ಅಂದರೆ... ನಿಜ ಹೇಳಿದ್ದರೆ ನಿನ್ನ ಪಾಲು ಕೊಡಬೇಕಾಗುತ್ತಿತ್ತು. ಅಷ್ಟೇ.

ಮೊನ್ನೆ ವಾಡೆಯ ವಾಸ್ತುಶಾಂತಿಯ ಸಂತೋಷವನ್ನು ಏನಂತ ಹೇಳಲಿ! ನನ್ನ ಮೊಮ್ಮಗಳು ಸವಿತಾ ಎರಡು ವರ್ಷ ಪಟ್ಟಣದ ಜಲನಗರದಿಂದ ಓಡಾಡಿ ಬೀಳುವ ವಾಡೆಯನ್ನು ನಿಲ್ಲಿಸಿದಳು. ಒಂದೊಂದು ತೊಲೆ ತಿಕ್ಕಿಸಿ ಎಣ್ಣೆ ಕುಡಿಸಿದಳು. ಹೊಲದಲ್ಲಿ ಹಾಕಿದ ದ್ರಾಕ್ಷಿ ತೋಟವೂ ಈಗ ಆಕೆಯದೇ ಕೈಯಲ್ಲಿ. ಬಂದವರನ್ನೆಲ್ಲ ಕೈಹಿಡಿದು ಒಳಗೆ ಎಳೆದೆ, ಕುಣಿಯುವುದೊಂದೇ ಬಾಕಿ! "ಅಣ್ಣನ್ನ ಯಾರರ ಹಿಡೀರೆಪಾ, ಮದುವಿ ಗಂಡು ಆಗ್ಯಾನ" ಎಂದು ನೀನೇ ಚಾಷ್ಟಿ ಮಾಡಿದಿ.

ಊಟಕ್ಕೆ ಮೊದಲು ಸವಿತಾ ವಾಡೆಯ ಹಳೆಯ ಕಾಗದಗಳನ್ನು ಹಿಗ್ಗಿನಿಂದ ಎಲ್ಲರ ಮುಂದೆ ಓದಿದಳು. ನಿನ್ನ ಹೆಸರು ಬಂತು. ಹಕ್ಕು ಬಿಟ್ಟ ಮಾತು ಬಂತು.

"ಮಾಳಿಗಿ ಅಂದಿದ್ದೆಲ್ಲೋ ಅಣ್ಣಾ?"

ಮತ್ತೆ ಸುಳ್ಳು ಹೇಳಿದೆ. ಎರಡನೇ ಸಲ, ಅದೂ ಆ ದಿನ. "ನನಗರ ಸಾಲಿ ಎಲ್ಲೈತೆವ್ವಾ, ಬರದಾವ ಮೋಸ ಮಾಡ್ಯಾನ."

ನೀನು ಅದನ್ನೂ ನಂಬಿದಿ. ಸೆರಗಿನಿಂದ ನನ್ನ ಕಣ್ಣು ಒರೆಸಿ, "ಬಿಡೋ ಅಣ್ಣಾ, ನಮಗಿಬ್ಬರಿಗೂ ಮೋಸ ಆತು" ಅಂದಿ. ಇಬ್ಬರಿಗೂ—

ಸಾಲಿಯಲ್ಲಿ ಎರಡನೇ ಇಯತ್ತೆ ಕಲಿತವನು ನಾನು. ಅಕ್ಷರ ಕೂಡಿಸಿ ಕೂಡಿಸಿ ಓದಬಲ್ಲೆ. ಆ ಪತ್ರವನ್ನು ಮೂರು ಸಲ ಓದಿದ್ದೆ.

ಇದನ್ನೂ ನಾನೇ ಬರೆದಿದ್ದೇನೆ, ನಾಲ್ಕು ದಿನ ಹಿಡಿಯಿತು. ನಿನ್ನ ಪಾಲು ನಿನ್ನ ಹೆಸರಿಗೆ ಮಾಡಿಸುತ್ತೇನೆ. ಅದರಿಂದ ಇದು ತೊಳೆದು ಹೋಗುವುದಿಲ್ಲ. ನಿನಗೆ ಓದಿ ಹೇಳಲು ಸವಿತಾಳನ್ನೇ ಕಳಿಸುತ್ತಿದ್ದೇನೆ. ಇದರಲ್ಲಿ ಏನಿದೆ ಎಂದು ಆಕೆಗೆ ಹೇಳಿಲ್ಲ—ಆಕೆಯೂ ನಂಬಿದ್ದಾಳೆ ನನ್ನನ್ನು. ಓದುತ್ತ ಓದುತ್ತ ಆಕೆಯ ದನಿ ನಿಂತರೆ, ಶಾಂತವ್ವಾ, "ಮುಂದ ಓದವಾ" ಅನ್ನು.